ಎರಡು ಹೊಸ್ತಿಲ ನಡುವಿನ ಬೆಕ್ಕು

ಗಜೇಂದ್ರಗಡದ ನಮ್ಮ ನೇಕಾರರ ಓಣಿಯಲ್ಲಿ ಬೆಕ್ಕನ್ನು ಯಾರೂ ಕೊಲ್ಲುತ್ತಿರಲಿಲ್ಲ. ಕೊಂದವರು ಬಂಗಾರದ ಬೆಕ್ಕು ಮಾಡಿಸಿ ಕಾಶಿಯಲ್ಲಿ ದಾನ ಕೊಡಬೇಕು, ಇಲ್ಲದಿದ್ದರೆ ಜನ್ಮಜನ್ಮಕ್ಕೂ ಪಾಪ ಬಿಡುವುದಿಲ್ಲ ಎಂಬುದು ಮೊಲೆ ಕುಡಿಯುವ ಕೂಸಿಗೂ ಗೊತ್ತಿತ್ತು. ಹೊಟ್ಟೆಗೆ ಹಾಕದೆ ಇರಬಹುದಿತ್ತು. ಚಳಿಯಲ್ಲಿ ಹೊರಗೆ ನೂಕಬಹುದಿತ್ತು. ಬಾಲ ಹಿಡಿದು ತಿರುವಿ ಒಗೆಯಬಹುದಿತ್ತು. ಕೊಲ್ಲುವಂತಿರಲಿಲ್ಲ, ಅಷ್ಟೆ. ಇಂಥ ಧರ್ಮವಂತರ ಓಣಿಗೆ ನಾನು ಸೊಸೆಯಾಗಿ ಬಂದೆ.

ಆಗ ನಾವಿನ್ನೂ ಮುಂಬಯಿ ರಾಜ್ಯದವರು. ನನ್ನ ತವರು ಮೆಣಸಗಿ. ಜಾತಿಯಿಂದ ನೇಕಾರನೇ ಆದರೂ ನನ್ನ ಅಪ್ಪ ಮಗ್ಗ ಬಿಟ್ಟು ಹೊಲ ಹಿಡಿದವನು. ಮಲಪ್ರಭೆ ಬಂದು ಹೊಲ ತೊಳೆದುಕೊಂಡು ಹೋದ ವರ್ಷವೂ ನಮ್ಮ ಮನೆಯಲ್ಲಿ ಎಮ್ಮೆ ಹಿಂಡುವ ಹೊತ್ತಿಗೆ ಬೆಕ್ಕುಗಳು ಸುತ್ತ ಕೂಡುತ್ತಿದ್ದವು. ಅವ್ವ ಮೊದಲ ನೊರೆಯನ್ನು ಅವುಗಳ ಕಡೆಗೆ ಪಿಚಕ್ಕನೆ ಹಾರಿಸುತ್ತಿದ್ದಳು. ಅವು ಮೂತಿ ಒರೆಸಿಕೊಳ್ಳುವುದನ್ನು ನೋಡಿ ನಗುತ್ತಿದ್ದಳು. ಮದುವೆಯಾಗಿ ಹೊರಡುವ ದಿನ ತನ್ನ ಕಾಲಿನ ಬೆಳ್ಳಿ ಕಡಗ ಎರಡನ್ನೂ ಸೋಪಿನ ನೀರು ಹಚ್ಚಿ ಕಷ್ಟಪಟ್ಟು ತೆಗೆದು ನನ್ನ ಕಾಲಿಗೆ ಏರಿಸಿದಳು. ಅವಳ ಕಣಕಾಲಿನಲ್ಲಿ ಬೆಳ್ಳಗೆ ಎರಡು ಗುರುತು ಉಳಿದವು. "ಇವು ನಿನ್ನವು. ಯಾರಿಗೂ ಕೊಡಬ್ಯಾಡ" ಎಂದಳು. ಅದನ್ನು ನಾನು ಮರೆತಿಲ್ಲ.

ಗಂಡನ ಮನೆಯಲ್ಲಿ ನನ್ನದೆಂದು ಇದ್ದದ್ದು ಅವೆರಡೇ. ಉಳಿದದ್ದೆಲ್ಲ ಅತ್ತೆಯದು. ಅನ್ನದ ಚಮಚವೂ ಅವಳದು, ರೊಟ್ಟಿಯ ಬುಟ್ಟಿಯೂ ಅವಳದು, ನನ್ನ ನಿದ್ದೆಯೂ ಅವಳದು. ನಸುಕಿನಲ್ಲಿ ಎಬ್ಬಿಸಿ ರಾಟಿಯ ಮುಂದೆ ಕೂರಿಸುತ್ತಿದ್ದಳು. ಸೀರೆಯ ಅಡ್ಡನೂಲನ್ನು ಕಂಡಿಕೆ ಎಂಬ ಸಣ್ಣ ಕೊಳವೆಗೆ ಸುತ್ತುವುದು ನನ್ನ ಕೆಲಸ. ನನ್ನ ಗಂಡ ಮಗ್ಗದ ಕುಣಿಯಲ್ಲಿ ಸೊಂಟದವರೆಗೆ ಇಳಿದು ಕೂತರೆ ಮುಗಿಯಿತು. ಮನೆಯಲ್ಲಿ ಯಾವ ಜಗಳ ಆದರೂ ಅವರು ಆ ಕುಣಿಯಿಂದ ಮೇಲೆ ಬಂದದ್ದನ್ನು ನಾನು ನೋಡಲಿಲ್ಲ.

ನಮ್ಮ ಗೋಡೆಗೆ ಗೋಡೆ ಹಚ್ಚಿದ ಮನೆ ಒಬ್ಬ ಹಿರಿಯ ನೇಕಾರನದು. ಓಣಿಗೆಲ್ಲ ಅವನು ಕಾಕಾ. ನಾನು ಬರುವ ಹಿಂದಿನ ವರ್ಷ ಅವನ ಹೆಂಡತಿ ತೀರಿಕೊಂಡಿದ್ದಳು. ಮಕ್ಕಳಿರಲಿಲ್ಲ. ಅವನ ಸೀರೆಯ ಸೆರಗಿಗೆ ಊರಲ್ಲಿ ಸಾಟಿ ಇರಲಿಲ್ಲ. ನಮ್ಮ ಸಮಾಜದ ಹಿರಿಯರ ಪಂಚಾಯ್ತಿಗೆ ದೈವ ಎನ್ನುತ್ತಾರೆ. ಆ ದೈವದಲ್ಲಿ ಅವನದೇ ಮೊದಲ ಮಾತು. ಹಣೆತುಂಬ ವಿಭೂತಿ, ಬಾಯಿತುಂಬ ನ್ಯಾಯ. ಅವನನ್ನು ಕಂಡರೆ ನನಗೆ ಮೊದಲ ದಿನದಿಂದಲೇ ಆಗುತ್ತಿರಲಿಲ್ಲ.

ಸತ್ತ ಹೆಂಡತಿ ಸಾಕಿದ ಬೆಕ್ಕೊಂದು ಅವನ ಮನೆಯಲ್ಲಿತ್ತು. ಬೂದಿ ಬಣ್ಣದ, ಒಂದು ಕಿವಿ ಹರಿದ ಹೆಣ್ಣು ಬೆಕ್ಕು. ಆಯಮ್ಮ ಇದ್ದಾಗ ಅದು ಒಲೆಯ ಮಗ್ಗುಲಲ್ಲೇ ಮಲಗುತ್ತಿತ್ತಂತೆ, ಅವಳು ಬುತ್ತಿಯ ಮೊಸರು ತೆಗೆದು ಹಾಕುತ್ತಿದ್ದಳಂತೆ. ಅವಳು ಹೋದ ಮೇಲೆ ಅದಕ್ಕೆ ಒಲೆಯೂ ಹೋಯಿತು, ಮೊಸರೂ ಹೋಯಿತು. ಹಗಲೆಲ್ಲ ಹೊರಗೆ. ಸಂಜೆ ಮಾತ್ರ ಕಾಕಾ ಕುತ್ತಿಗೆ ಹಿಡಿದು ಮಗ್ಗದ ಕೋಣೆಗೆ ಒಗೆದು ಬಾಗಿಲು ಹಾಕುತ್ತಿದ್ದ. ಗಂಜಿ ಉಂಡ ನೂಲೆಂದರೆ ಇಲಿಗಳಿಗೆ ಹಬ್ಬ. ಒಂದು ಇಲಿ ಬಾಯಿ ಹಾಕಿದರೆ ಸಾಕು, ವಾರಗಟ್ಟಲೆ ದುಡಿದ ಹಾಸು, ಅಂದರೆ ಸೀರೆಯ ಉದ್ದನೂಲು, ಹಾಳು. ಆ ಹಾಸು ಕಾಯುವುದು ಬೆಕ್ಕಿನ ಕೆಲಸ. ಕೂಲಿ ಎಂದರೆ ಹಿಡಿದ ಇಲಿ.

"ಕಾಕಾ, ಬೆಕ್ಕಿಗೆ ಒಂದೀಟು ಹಾಲು ಹಾಕಬಾರದೇನೋ, ಎಲುವು ಕಾಣಾಕತ್ತಾವು" ಎಂದು ಯಾರೋ ಅಂದರೆ ಅವನ ಉತ್ತರ ಸಿದ್ಧವಾಗಿತ್ತು.

"ಹೊಟ್ಟಿ ತುಂಬಿದ್ರ ಅದು ಇಲಿ ಯಾಕ ಹಿಡದೀತು? ಹಸೀಬೇಕದು. ಹಸದ್ರಽ ಕೆಲಸಾ."

ಈ ಮಾತು ನನ್ನ ಅತ್ತೆಗೆ ಎಷ್ಟು ಹಿಡಿಸಿತ್ತೆಂದರೆ ಅದನ್ನು ಮನೆಗೆ ತಂದುಕೊಂಡಿದ್ದಳು. ನಾನು ಎರಡನೆಯ ರೊಟ್ಟಿಗೆ ಕೈ ಚಾಚಿದಾಗ, "ಬಾಜೂ ಮನಿ ಕಾಕಾ ಅಂತಾನಲ್ಲ, ಖರೇ ಐತಿ. ಹೊಟ್ಟಿ ಬಿರಿ ಉಂಡವರು ರಾಟಿ ಮುಂದ ತೂಕಡಿಸ್ತಾರ" ಎನ್ನುತ್ತಿದ್ದಳು. ನನ್ನ ಗಂಡ ತಟ್ಟೆ ನೋಡುತ್ತಿದ್ದರು. ಆ ಬೆಕ್ಕಿನ ಮೇಲೆ ನನಗೆ ಮನಸ್ಸು ಹೋದದ್ದು ಹೀಗೆ. ದಯೆ ಗಿಯೆ ಎಂದು ದೊಡ್ಡ ಮಾತು ಆಡುವುದಿಲ್ಲ. ಗೋಡೆಯ ಈಚೆಗೊಬ್ಬಳು, ಆಚೆಗೊಂದು, ಇಬ್ಬರ ಹೊಟ್ಟೆಯೂ ಒಂದೇ ಲೆಕ್ಕದಲ್ಲಿ ನಡೆಯುತ್ತಿತ್ತು.

ರೊಟ್ಟಿಯ ಅಂಚು ಮುರಿದು ಸೆರಗಿನಲ್ಲಿ ಇಟ್ಟುಕೊಳ್ಳುತ್ತಿದ್ದೆ. ನೀರಿಗೆ ಹೋಗುವಾಗ ನಮ್ಮ ಹೊಸ್ತಿಲ ಮೂಲೆಯಲ್ಲಿ ಉದುರಿಸುತ್ತಿದ್ದೆ. ಮೊದಮೊದಲು ಅದು ಹತ್ತಿರ ಬರಲಿಲ್ಲ. ನಾನು ಬಗ್ಗಿದರೆ ಸಾಕು, ಏಟು ಬೀಳುತ್ತದೆಂದು ಹೊಟ್ಟೆ ನೆಲಕ್ಕೆ ಹಚ್ಚಿ ಕೂಡುತ್ತಿತ್ತು. ಆಮೇಲೆ ಬರತೊಡಗಿತು. ತಿಂದು ಹೋಗುವಾಗ ನನ್ನ ಕಾಲ ಕಡಗಕ್ಕೆ ಒಮ್ಮೆ ಕೆನ್ನೆ ಉಜ್ಜುತ್ತಿತ್ತು. ಆ ಮನೆಯಲ್ಲಿ ನನ್ನನ್ನು ಪ್ರೀತಿಯಿಂದ ಮುಟ್ಟುತ್ತಿದ್ದ ಜೀವ ಅದೊಂದೇ ಎಂದರೆ ನನ್ನ ಗಂಡನಿಗೆ ಬೇಸರವಾದೀತು. ಆಗಲಿ.

ಇಷ್ಟರಲ್ಲಿ ಸೊಲ್ಲಾಪುರದಿಂದ ನೂಲಿನ ವ್ಯಾಪಾರಿಯೊಬ್ಬ ಬಂದ. ಗಂಜಿಯಲ್ಲಿ ಮೈಲುತುತ್ತ ಹಾಕಿದರೆ ನೂಲಿಗೆ ಬೂಷ್ಟು ಹಿಡಿಯುವುದಿಲ್ಲ, ಇಲಿಯೂ ಮೂಸುವುದಿಲ್ಲ ಎಂದು ಕಾಕಾನಿಗೆ ಹೇಳಿಕೊಟ್ಟು ಹೋದ. ನವಿಲಿನ ಕತ್ತಿನ ಬಣ್ಣದ ಆ ವಿಷದ ಹರಳನ್ನು ಚಿಟಿಕೆ ಹಾಕಿ ಎಂದರೆ ಹಿಡಿ ಹಾಕುವುದು ನಮ್ಮವರ ಗುಣ. ಕಾಕಾ ಹಿಡಿ ಹಾಕಿದ. ಅವನ ಹಾಸುನೂಲಿಗೆ ಇಲಿ ಬಾಯಿ ಹಾಕುವುದು ನಿಂತೇಹೋಯಿತು. ದೈವದ ಕಟ್ಟೆಯ ಮೇಲೆ ಅವನು ಅದನ್ನೇ ಹೇಳಿಕೊಂಡು ಮೀಸೆ ತಿರುವಿದ.

ಇಲಿ ಹೋದ ಮೇಲೆ ಬೆಕ್ಕಿಗೆ ಕೆಲಸವೂ ಹೋಯಿತು, ಕೂಲಿಯೂ ಹೋಯಿತು. ಸಂಜೆ ಅದು ರೂಢಿಯಂತೆ ಮಗ್ಗದ ಕೋಣೆಯ ಬಾಗಿಲ ಮುಂದೆ ಬಂದು ಕೂತರೆ ಬಾಗಿಲು ತೆರೆಯಲಿಲ್ಲ. ಅದು ಕೂಗಿತು. ಮತ್ತೆ ಕೂಗಿತು. ಒಳಗಿನಿಂದ ಕಾಕಾ ಒಂದು ಚೊಂಬು ನೀರು ಚೆಲ್ಲಿದ. ಮಾರ್ಗಶಿರದ ಚಳಿ, ಗುಡ್ಡದ ಗಾಳಿ ಬೇರೆ. ಒದ್ದೆ ಮೈಯಲ್ಲಿ ಅದು ಅಲ್ಲೇ ಕೂತಿತ್ತು, ತಪ್ಪು ತನ್ನದೇ ಎನ್ನುವ ಹಾಗೆ.

ನನಗೆ ಅದರ ಚಿಂತೆ ಹತ್ತಿತು. ಕಂಡಿಕೆ ಸುತ್ತುತ್ತಿದ್ದರೂ ಕಿವಿ ಹೊರಗೆ. ಕೂಗಿದರೆ ಹಸಿದಿದೆ ಎಂದು ಸಂಕಟ, ಕೂಗದಿದ್ದರೆ ಸತ್ತಿದೆಯೋ ಏನೋ ಎಂದು ಸಂಕಟ. ಓಣಿಯ ಹುಡುಗರು ಅದರ ಬಾಲಕ್ಕೆ ಡಬ್ಬಿ ಕಟ್ಟಿ ಓಡಿಸಿದರು. ಹಿರಿಯರು ಕಟ್ಟೆಯ ಮೇಲೆ ಕೂತು ನಕ್ಕರು. ನಾನು ಕೊಡುತ್ತಿದ್ದ ರೊಟ್ಟಿಯ ಅಂಚಿನಿಂದ ಒಂದು ಗುಬ್ಬಿಯ ಹೊಟ್ಟೆಯೂ ತುಂಬುತ್ತಿರಲಿಲ್ಲ. ಹೆಚ್ಚು ಕೊಡಲು ನನಗೇ ಹೆಚ್ಚು ಸಿಗುತ್ತಿರಲಿಲ್ಲ.

ನಮ್ಮೆದುರಿಗೆ ಪಾತ್ರೆಗೆ ಕಲಾಯಿ ಹಾಕುವವರ ಮನೆ. ಅವರು ಮುಸಲ್ಮಾನರು. ಆ ಮನೆಯ ಹೆಂಗಸು ನನಗಿಂತ ಹತ್ತು ವರ್ಷ ಹಿರಿಯಳು, ನಾನು ಅವಳನ್ನು ಅಕ್ಕಾ ಎನ್ನುತ್ತಿದ್ದೆ. ಒಂದು ದಿನ ಅವಳೇ ಕಾಕಾನ ಬಾಗಿಲಿಗೆ ಹೋಗಿ ಕೇಳಿದಳು.

"ಕಾಕಾರ, ಆ ಬೆಕ್ಕು ನಮಗ ಕೊಟ್ಟ ಬಿಡ್ರಿ. ಮೂಲ್ಯಾಗ ಬಿದ್ದಿರ್ತೈತಿ. ನಮ್ಮ ಮಕ್ಳು ಚಲೋ ನೋಡ್ಕೋತಾವು."

"ನನ್ನ ಮನಿ ಬೆಕ್ಕು ಮಂದಿ ಮನ್ಯಾಗ ಉಂಡ್ರ ನನ್ನ ಮಾನಾ ಏನಾತವಾ? ಬೆಕ್ಕಿಗೆ ಕೂಳ ಹಾಕ್ಲಿಕ್ಕೆ ಆಗಲಿಲ್ಲ ಅಂತಾರ" ಎಂದ ಕಾಕಾ. "ಅದು ನಮ್ಮಾಕಿ ಸಾಕಿದ್ದು. ಇಲ್ಲೇ ಇರತೈತಿ."

"ಇಲ್ಲೇ ಅಂದ್ರ ಬೀದ್ಯಾಗಽನ್ರೀ?" ಎಂದಳು ಅಕ್ಕ. ಅವನು ಬಾಗಿಲು ಹಾಕಿಕೊಂಡ. ಹೆಂಡತಿಯ ನೆನಪನ್ನು ಅವನು ಕಾಪಾಡಿದ ರೀತಿ ಇದು. ಕೂಳು ಹಾಕುವುದಿಲ್ಲ, ಹಾಕುವವರಿಗೆ ಕೊಡುವುದೂ ಇಲ್ಲ.

ನನ್ನ ಗಂಡನಿಗೆ ಹೇಳಿದೆ. "ನೀವಾರ ಒಂದ ಮಾತ ಹೇಳ್ರಿ ಅವರಿಗೆ" ಎಂದೆ. "ದೈವದಾಗ ಕುಂಡ್ರೋ ಮನಿಶ್ಯಾ ಅಂವ. ಬೆಕ್ಕಿನ ಸಲುವಾಗಿ ಅವನ ಜೋಡಿ ಜಗಳ ತಗೀಲ್ಯಾ?" ಎಂದು ಲಾಳಿ ಒಗೆದರು. ಆಗ ನಾನೇ ಹೋಗುವುದೆಂದು ತೀರ್ಮಾನಿಸಿದೆ. ಹೊಸ ಸೊಸೆ ಹಿರಿಯ ಗಂಡಸಿನ ಮುಂದೆ ಬಾಯಿ ತೆರೆಯುವುದೆಂದರೆ ಆ ಓಣಿಯಲ್ಲಿ ಸೆರಗು ಬಿಟ್ಟು ಬೀದಿಗಿಳಿದ ಹಾಗೆ. ಕಾಕಾ ಕಟ್ಟೆಯ ಮೇಲೆ ಒಬ್ಬನೇ ಎಲೆ ಅಡಿಕೆ ಹಾಕಿಕೊಳ್ಳುತ್ತ ಕೂತಿದ್ದ.

"ಕಾಕಾರ, ನಿಮ್ಮ ಬೆಕ್ಕು ಸಾಯತೈತ್ರಿ" ಎಂದೆ.

ಅವನು ತಲೆ ಎತ್ತಿ ನನ್ನ ಮುಖ ನೋಡಲಿಲ್ಲ, ಕಾಲ ಕಡಗ ನೋಡಿದ. "ಯಾರರ ಕೊಂದ್ರ ಸಾಯತೈತಿ. ನಾ ಏನ ಕೊಲ್ಲಾಕತ್ತೇನು?" ಎಂದು ಸುಣ್ಣ ಸವರಿದ. ನಾನು ತಿರುಗಿ ನಡೆದೆ. ಅದಕ್ಕೆ ಉತ್ತರ ನನ್ನ ಬಳಿ ಈಗ ಇದೆ. ಈಗ ಕೇಳಲು ಅವನಿಲ್ಲ.

ನಾನು ಮನೆಯೊಳಗೆ ಕಾಲಿಡುವ ಮೊದಲೇ ಸುದ್ದಿ ಮುಟ್ಟಿತ್ತು. ಅತ್ತೆ ನನ್ನ ಕೆನ್ನೆಗೆ ಬಾರಿಸಿದಳು. "ಮೆಣಸಗಿ ಹೊಳಿ ನೀರ ಕುಡದಾಕಿ, ನಾಲಿಗಿಗೆ ದಂಡಿ ಇಲ್ಲ ನೋಡು" ಎಂದಳು. ಅಂದಿನ ಊಟ ಕೈತಪ್ಪಿತು, ಹೊಸ್ತಿಲಲ್ಲಿ ಉದುರಿಸಲು ಅಂಚೂ ಇರಲಿಲ್ಲ. ಬೆಕ್ಕು ಬಂದು ಕಾದು ಹೋಯಿತು. ಅದಕ್ಕೆ ನಾನೂ ಕಾಕಾನ ಹಾಗೆಯೇ ಕಂಡಿರಬೇಕು.

ಮರುದಿನ ಬೆಳಗ್ಗೆ ಕಾಕಾ ಹೊಸ ಹಾಸುನೂಲಿಗೆ ಗಂಜಿ ಹಾಕಿದ. ನೂಲನ್ನು ಬೀದಿಯ ಉದ್ದಕ್ಕೆ ಗೂಟದಿಂದ ಗೂಟಕ್ಕೆ ಬಿಗಿದು, ಬಿಸಿಲೇರುವ ಮೊದಲು ಕುಂಚದಿಂದ ಗಂಜಿ ತೀಡುವುದು ನೇಕಾರರ ಪದ್ಧತಿ. ಅವನ ಗಂಜಿ ಜೋಳದ ಹಿಟ್ಟಿನದು. ನೂಲು ಮೆತ್ತಗಾಗಲೆಂದು ಮೇಲೆ ಕುಸುಬಿ ಎಣ್ಣೆ, ಒಳಗೆ ಹಿಡಿ ಮೈಲುತುತ್ತ. ಆ ಎಣ್ಣೆಯ ವಾಸನೆ ನನ್ನ ರಾಟಿಯವರೆಗೂ ಬಂತು. ನನಗೇ ಬಾಯಲ್ಲಿ ನೀರು ಬಂತು ಎಂದರೆ ಆ ಬೆಕ್ಕಿನ ಗತಿ ಏನಾಗಿರಬೇಕು.

ಕಾಕಾ ಹಾಸಿನ ಆಚೆ ತುದಿಗೆ ಹೋಗಿದ್ದ. ಗಂಜಿಯ ಬೋಗುಣಿ ಈಚೆ ತುದಿಯಲ್ಲಿತ್ತು. ಬೆಕ್ಕು ಬಂತು, ಮೂಸಿತು, ಬಾಯಿ ಹಾಕಿತು. ನಾನು ರಾಟಿ ಬಿಟ್ಟು ಓಡಿದೆ. ಎದುರಿನಿಂದ ಅಕ್ಕ, "ಯಾ ಅಲ್ಲಾ, ಹಚಾ, ಹಚಾ!" ಎಂದು ಕೂಗುತ್ತ ಓಡಿ ಬಂದಳು. ಅಷ್ಟರಲ್ಲಿ ಅದು ಎಷ್ಟೋ ದಿನದ ಹಸಿವನ್ನು ಆ ಬೋಗುಣಿಯಲ್ಲಿ ತೀರಿಸಿಕೊಂಡಿತ್ತು. ಕಾಕಾ ಬಂದವನು ಬೆಕ್ಕಿನ ಬಾಯಿ ನೋಡಲಿಲ್ಲ, ಬೋಗುಣಿ ನೋಡಿದ. "ಗಂಜಿ ಎಂಜಲ ಮಾಡ್ತು ಹಡಬಿಟ್ಟಿ" ಎಂದು ಕುಂಚದ ಹಿಡಿಯಿಂದ ಬೆನ್ನಿಗೆ ಒಂದು ಬಿಟ್ಟ.

ಬಿಸಿಲೇರುವ ಹೊತ್ತಿಗೆ ಅದು ವಾಂತಿ ಮಾಡಿಕೊಳ್ಳತೊಡಗಿತು. ನೀಲಿ ಹಸಿರು ನೀರು. ಗದ್ದದ ಕೂದಲೆಲ್ಲ ಆ ಬಣ್ಣಕ್ಕೆ ತಿರುಗಿತ್ತು. ಹಿಂಗಾಲು ಎಳೆದುಕೊಂಡು ಓಣಿಯಲ್ಲಿ ಬಂತು. ತನ್ನ ಮನೆಯ ಬಾಗಿಲು ದಾಟಿ, ರೊಟ್ಟಿಯ ಅಂಚು ಬೀಳುತ್ತಿದ್ದ ನಮ್ಮ ಹೊಸ್ತಿಲ ಮೂಲೆಗೆ ಬಂದು ಮಲಗಿತು.

ಅತ್ತೆ ಹೊರಗೆ ಬಂದು ನೋಡಿದವಳು ಎದೆ ಬಡಿದುಕೊಂಡಳು. ಬೆಕ್ಕಿಗಾಗಿ ಅಲ್ಲ. ನಮ್ಮಲ್ಲಿ ಇನ್ನೊಂದು ಕಟ್ಟಳೆ ಇತ್ತು. ಬೆಕ್ಕು ಕೆಟ್ಟ ಸಾವು ಸತ್ತರೆ, ಯಾರ ಹೊಸ್ತಿಲಲ್ಲಿ ಜೀವ ಬಿಟ್ಟಿತೋ ಅವರ ಮನೆಗೆ ಪಾಪ. ಮಾಡಿದವರು ಯಾರೆಂದು ಹುಡುಕುವ ತೊಂದರೆಯೇ ಬೇಡ ಎಂದು ಹಿಂದಿನವರು ಮಾಡಿಟ್ಟ ಅನುಕೂಲ.

"ಎತ್ತಿ ಒಯ್ದು ಅವರ ಹೊಸ್ತಲಕ್ಕ ಹಾಕಿ ಬಾ. ಲಗೂ! ಜೀವಾ ಹೋಗೂದ್ರಾಗ!" ಎಂದಳು ನನಗೆ.

"ಮಜ್ಜಿಗಿ ಕುಡಸ್ತೇನ್ರೀ ಅತ್ತಿ, ಬದುಕಿದ್ರೂ ಬದುಕೀತು" ಎಂದು ನಾನು ಒಳಗೆ ಓಡಿದೆ. ನಾನು ಮಜ್ಜಿಗೆ ತರುವಷ್ಟರಲ್ಲಿ ಅತ್ತೆ ಕಸಬರಿಗೆಯಿಂದ ಅದನ್ನು ನೂಕಿ ನೂಕಿ ಕಾಕಾನ ಹೊಸ್ತಿಲಿಗೆ ಮುಟ್ಟಿಸಿದ್ದಳು. ಕಾಕಾ ಅದನ್ನು ಕಂಡ. ಕುಂಚ ಕೆಳಗಿಟ್ಟ, ಹಾಸಿನ ನಡುವೆ ತೂರಿಸುವ ಉದ್ದನೆಯ ಕೋಲು ತಂದ. ಕೋಲಿನಿಂದ ಅದರ ಹೊಟ್ಟೆಗೆ ಒತ್ತಿ ಬೀದಿಗೆ ತಳ್ಳಿದ, ಬೀದಿಯಿಂದ ಮತ್ತೆ ನಮ್ಮ ಕಡೆಗೆ.

"ನಿಮ್ಮ ಹೊಸ್ತಲದಾಗ ಬಿದ್ದಿತ್ತು, ಅಲ್ಲೇ ಇರಲಿ."

"ಬೆಕ್ಕು ಯಾರದ್ರೀ? ನಿಮ್ಮದು. ನಿಮ್ಮ ಮನ್ಯಾಗ ಸಾಯ್ಲಿ" ಎಂದು ಅತ್ತೆ ಕಸಬರಿಗೆ ಎತ್ತಿದಳು.

ಓಣಿ ನೆರೆಯಿತು. ಮಗ್ಗಗಳೆಲ್ಲ ನಿಂತವು. ಆ ಬೆಕ್ಕು ಕಸಬರಿಗೆಯಿಂದ ಅತ್ತ, ಕೋಲಿನಿಂದ ಇತ್ತ. ಪ್ರತಿ ಸಲ ತಳ್ಳಿದಾಗಲೂ ಅದರ ಬಾಯಿಂದ ನೀಲಿ ನೊರೆ ಬರುತ್ತಿತ್ತು, ಉಗುರುಗಳು ಮಣ್ಣಿನಲ್ಲಿ ಗೆರೆ ಎಳೆಯುತ್ತಿದ್ದವು. ಯಾರೂ ಅದನ್ನು ಹೊಡೆಯುತ್ತಿರಲಿಲ್ಲ ಎಂಬುದನ್ನು ಹೇಳಲೇಬೇಕು. ಇಬ್ಬರೂ ಬಹಳ ಮೆಲ್ಲಗೆ ತಳ್ಳುತ್ತಿದ್ದರು, ತಮ್ಮ ಕೈಯಲ್ಲಿ ಸತ್ತುಬಿಟ್ಟೀತು ಎಂಬ ಹೆದರಿಕೆಯಿಂದ. ಹುಡುಗರು ಮೊದಲು ನಕ್ಕರು, ಆಮೇಲೆ ಹಿಂದೆ ಸರಿದರು. ದೊಡ್ಡವರಲ್ಲಿ ಒಬ್ಬರೂ ಸಾಕು ಎನ್ನಲಿಲ್ಲ. ನನ್ನ ಗಂಡ ಬಾಗಿಲ ಸಂದಿನಿಂದ ನೋಡುತ್ತಿದ್ದರು.

ನಾನು ಮಜ್ಜಿಗೆಯ ಬಟ್ಟಲು ಹಿಡಿದು ನಿಂತಿದ್ದೆ. ಬೆಕ್ಕು ಹೊರಳಿ ನನ್ನ ಕಡೆ ಮುಖ ಮಾಡಿತು. ಕೂಗಲು ಬಾಯಿ ತೆರೆಯಿತು, ದನಿ ಬರಲಿಲ್ಲ. ಅತ್ತೆಯ ಕೈಯಿಂದ ಕಸಬರಿಗೆ ಕಿತ್ತು ಬೀದಿಗೆ ಒಗೆದೆ. ಬೆಕ್ಕನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದು ನಮ್ಮ ಹೊಸ್ತಿಲ ಮೇಲೆ, ಹೊಸ್ತಿಲ ನಟ್ಟ ನಡುವೆ, ಕೂತೆ. ಹೊಸ್ತಿಲ ಮೇಲೆ ಹೆಂಗಸು ಕೂಡಬಾರದೆಂಬುದು ನನಗೂ ಗೊತ್ತಿತ್ತು.

"ಏಳು! ನಿನ್ನ ಹೆಣಾ ಎತ್ಲಿ, ಏಳು! ಮನೀ ಹಾಳ ಮಾಡ್ತಿ!" ಎಂದು ಅತ್ತೆ ಕೂದಲು ಹಿಡಿದು ಎಳೆದಳು. ನಾನು ಏಳಲಿಲ್ಲ. ಅಕ್ಕ ಬಂದು ಅತ್ತೆಯ ಕೈ ಬಿಡಿಸಿ ನನ್ನ ಪಕ್ಕದಲ್ಲಿ ಬೀದಿಯ ಮೇಲೆಯೇ ಕೂತಳು. ಬೆರಳಲ್ಲಿ ಅದ್ದಿ ಮಜ್ಜಿಗೆ ಹಾಕಿದೆ. ಅದು ನುಂಗಲಿಲ್ಲ. ನನ್ನ ಸೀರೆಯೆಲ್ಲ ನೀಲಿಯಾಯಿತು. ಒಮ್ಮೆ ಮಾತ್ರ ತಲೆಯನ್ನು ನನ್ನ ಕಡಗದ ಕಡೆಗೆ ಚಾಚಿತು, ಮುಟ್ಟಲಾಗಲಿಲ್ಲ. ಆಮೇಲೆ ಸತ್ತಿತು.

ಕಾಕಾ ನಿಟ್ಟುಸಿರು ಬಿಟ್ಟದ್ದು ನನಗೆ ಕೇಳಿಸಿತು. ಅವನು ಕೋಲನ್ನು ಒರೆಸಿ ಹಾಸಿನ ನಡುವೆ ಮತ್ತೆ ತೂರಿಸಿದ. ಗಂಜಿ ಒಣಗುವ ಮೊದಲು ತೀಡಿ ಮುಗಿಸಬೇಕಿತ್ತಲ್ಲ.

ಮರುದಿನ ನಮ್ಮ ಮನೆಯ ಮುಂದೆಯೇ ದೈವ ಕೂಡಿತು. ನಡುವೆ ಕೂತವನು ಕಾಕಾ. ಬೆಕ್ಕು ಯಾರದು ಎಂದು ಯಾರೂ ಕೇಳಲಿಲ್ಲ. ಗಂಜಿ ಯಾರದು, ತುತ್ತ ಯಾರದು ಎಂದೂ ಕೇಳಲಿಲ್ಲ. ಅಕ್ಕ ಕಣ್ಣಾರೆ ಕಂಡವಳು, ಆದರೆ ಅವಳು ಬೇರೆ ಜಾತಿಯವಳು, ನಮ್ಮ ದೈವದಲ್ಲಿ ಅವಳ ಮಾತಿಗೆ ಜಾಗವಿಲ್ಲ. ನಾನು ಕಂಡವಳು, ಆದರೆ ಹೆಂಗಸು. ನನ್ನ ಗಂಡನನ್ನು ಕರೆದು ಕೇಳಿದರು.

"ಸತ್ತದ್ದೆಲ್ಲಿ?"

"ನಮ್ಮ ಹೊಸ್ತಲದಾಗ್ರಿ" ಎಂದರು ನನ್ನ ಗಂಡ. ಮದುವೆಯಾದಾಗಿನಿಂದ ಅವರು ಅಷ್ಟು ಸ್ಪಷ್ಟವಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಕಾಕಾ ಗಂಟಲು ಸರಿಮಾಡಿಕೊಂಡ. "ಶಾಸ್ತ್ರಾ ಬಂಗಾರದ ಬೆಕ್ಕು ಅಂತೈತಿ. ಆದ್ರ ಬಡವರು, ಎಲ್ಲಿಂದ ತರಬೇಕು? ಬೆಳ್ಳೀದ ಸಾಕು. ಹೆಂಗೂ ಬರೂ ತಿಂಗಳ ನಾವು ಐದಾರು ಮಂದಿ ಕಾಶಿಗೆ ಹೊಂಟೇವಿ. ನಾನಽ ಒಯ್ದು ದಾನಾ ಕೊಟ್ಟು ಬರ್ತೇನಿ." ದೈವವೆಲ್ಲ ತಲೆದೂಗಿತು. ಎಂಥ ದೊಡ್ಡ ಮನಸ್ಸು, ಸತ್ತದ್ದು ಸ್ವಂತ ಬೆಕ್ಕಾದರೂ ಸಿಟ್ಟಿಲ್ಲ ನೋಡು ಎಂದರು. ನಮ್ಮ ಬಾಗಿಲ ಹಿಂದೆ ನಿಂತ ನನಗೆ ಅದೆಲ್ಲ ಕೇಳಿಸುತ್ತಿತ್ತು.

ಬೆಳ್ಳಿ ಎಲ್ಲಿಂದ ಬರಬೇಕು ಎಂಬುದಕ್ಕೆ ಅತ್ತೆಗೆ ಯೋಚನೆಯೇ ಬೇಕಾಗಲಿಲ್ಲ. "ತೊಡಿಮ್ಯಾಲ ಹಾಕ್ಕೊಂಡು ಕುಂತಾಕಿ ಇಕಿ. ಇಕೀ ಕಾಲಾಗ ಐತಲ್ಲ" ಎಂದಳು. ನಾನು ಕಾಲು ಮಡಚಿ ಕೂತೆ. ಅತ್ತೆ ಹಿಡಿದುಕೊಂಡಳು, ಗಂಡ ತೆಗೆದರು. ಸೋಪಿನ ನೀರು ಹಚ್ಚಲಿಲ್ಲ. ಒಂದು ಕಡೆ ಚರ್ಮ ಸುಲಿಯಿತು. "ಸ್ವಲ್ಪ ತಡಕೋ, ಆತು" ಎಂದರು ಗಂಡ, ಹಲ್ಲು ಕೀಳಿಸುವವರಿಗೆ ಹೇಳುವ ಹಾಗೆ.

ಅಕ್ಕಸಾಲಿಗ ಮಾಡಿಕೊಟ್ಟ ಬೆಕ್ಕನ್ನು ನಾನು ನೋಡಿದೆ. ಹೆಬ್ಬೆರಳಿನಷ್ಟಿತ್ತು. ಅವನಿಗೆ ಬೆಕ್ಕು ಮಾಡಿ ರೂಢಿ ಇರಲಿಲ್ಲವೋ ಏನೋ, ಅದು ಥೇಟ್ ಇಲಿಯ ಹಾಗಿತ್ತು. ಎರಡೂ ಕಿವಿ ನೆಟ್ಟಗಿದ್ದವು. ಉಳಿದ ಬೆಳ್ಳಿ ದಕ್ಷಿಣೆಗೆಂದು ಹೋಯಿತು. ಕಾಕಾ ಆ ಬೆಳ್ಳಿ ಬೆಕ್ಕನ್ನು ಹಳದಿ ಬಟ್ಟೆಯಲ್ಲಿ ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡು ಗದಗಿಗೆ ಹೋಗಿ ರೈಲು ಹತ್ತಿದ. ಓಣಿಯವರು ಹಾರ ಹಾಕಿ ಕಳಿಸಿದರು.

ಅವನು ಕಾಶಿಯಲ್ಲಿದ್ದಾಗ ನನ್ನನ್ನು ತವರಿಗೆ ಕಳಿಸಿದರು. ಪಾಪ ಹತ್ತಿದವಳ ಕೈಯಿಂದ ಕಂಡಿಕೆ ಸುತ್ತಿಸಿದರೆ ಸೀರೆಗೆ ಕೇಡು ಎಂದು ಯಾರೋ ಹೇಳಿದ್ದರು. ಮೆಣಸಗಿಯ ಅಂಗಳದಲ್ಲಿ ಅವ್ವ ಮೊದಲು ನೋಡಿದ್ದೇ ನನ್ನ ಕಾಲು. ಗಾಯದ ಹಕ್ಕಳೆ ಇನ್ನೂ ಉದುರಿರಲಿಲ್ಲ. ನಡೆದದ್ದನ್ನೆಲ್ಲ ಹೇಳಿದೆ. ಅವಳು ಸಮಾಧಾನ ಮಾಡುತ್ತಾಳೆ ಎಂದುಕೊಂಡಿದ್ದೆ.

"ಬೆಕ್ಕಿಗೆ ಹೋದ್ವು ಹೌದಲ್ಲ? ಹೋಗ್ಲಿ ಬಿಡು" ಎಂದಳು. "ಆ ಮನೀ ಮಂದಿಗೆ ಹೋಗಿದ್ರ ನಾ ಅಳ್ತಿದ್ದೆ."

ಹಾಗೆ ಹೇಳಿ ಎಮ್ಮೆ ಹಿಂಡಲು ಕೂತಳು. ಬೆಕ್ಕುಗಳು ಬಂದವು. ಅವತ್ತು ಅವಳು ನೊರೆ ಹಾರಿಸಲಿಲ್ಲ, ಬಟ್ಟಲಿಗೆ ಹಿಂಡಿ ನನ್ನ ಕೈಗೆ ಕೊಟ್ಟು, "ನೀನಽ ಹಾಕು" ಎಂದಳು. ಬಟ್ಟಲು ಹಿಡಿದವಳಿಗೆ ಆಗ ಅಳು ಬಂತು. ಹಾಲು ಅರ್ಧ ಚೆಲ್ಲಿತು. ಬೆಕ್ಕುಗಳು ನೆಲ ನೆಕ್ಕಿದವು.

ನಾನು ಮರಳಿ ಬರುವಷ್ಟರಲ್ಲಿ ಕಾಕಾನೂ ಬಂದಿದ್ದ. ತಲೆ ಬೋಳಿಸಿಕೊಂಡು, ಕೊರಳಿಗೆ ಕಾಶಿದಾರ ಕಟ್ಟಿಕೊಂಡು, ಮೊದಲಿಗಿಂತ ಪವಿತ್ರನಾಗಿದ್ದ. ಮನೆಮನೆಗೆ ಗಂಗೆಯ ತೀರ್ಥ ಹಂಚುತ್ತ ನಮ್ಮ ಬಾಗಿಲಿಗೂ ಬಂದ. ಹೊಸ್ತಿಲಿನ ಆಚೆಯೇ ನಿಂತ. ಓಣಿಯ ನಾಲ್ಕಾರು ಹೆಂಗಸರು ತೀರ್ಥ ಮುಗಿಸಿ ಅವನ ಹಿಂದೆಯೇ ನಿಂತಿದ್ದರು. ಅತ್ತೆ ಅಂಗೈಯೊಡ್ಡಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ನನ್ನನ್ನು ಕರೆದರು.

"ನಿನ್ನ ಪಾಪಾ ಗಂಗಿಯೊಳಗ ಬಿಟ್ಟು ಬಂದೇನವಾ. ಇನ್ನ ನೀ ಹಗುರಾದಿ" ಎಂದು ನನ್ನ ಅಂಗೈಗೆ ತೀರ್ಥ ಸುರಿದ.

ನಾನು ಕುಡಿಯಲಿಲ್ಲ. "ಬೆಕ್ಕು ನಿಮ್ಮದು. ಗಂಜಿ ನಿಮ್ಮದು. ತುತ್ತಾ ನಿಮ್ಮದು. ಪಾಪಾ ಒಂದು ನಂದು ಹ್ಯಾಂಗಾತ್ರೀ ಕಾಕಾರ?" ಎಂದೆ.

ಅತ್ತೆ ಬಾಯಿ ಮುಚ್ಚಿಕೊಂಡಳು. ಹಿಂದೆ ನಿಂತ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಕಾಕಾನಿಗೆ ಸಿಟ್ಟು ಬರಲಿಲ್ಲ. ನ್ಯಾಯ ಹೇಳುವ ದನಿಯಲ್ಲಿಯೇ ಹೇಳಿದ.

"ನನ್ನ ಬೆಕ್ಕು ಆಗಿದ್ರ ನನ್ನ ಹೊಸ್ತಲಕ್ಕ ಬಂದು ಸಾಯ್ತಿತ್ತು. ನನ್ನ ಬಾಗಲಾ ದಾಟಿ ನಿನ್ನ ಕಡೆ ಬಂತು. ಅದು ನಿಂದಽ ಬೆಕ್ಕು."

ನನ್ನ ಬಾಯಿ ಮುಚ್ಚಿಸಲೆಂದು ಅವನು ಅದನ್ನು ಹೇಳಿದ್ದು. ಆದರೆ ಆ ಊರಿಗೆ ಬಂದ ಮೇಲೆ, ಇದು ನಿನ್ನದು ಎಂದು ನನಗೆ ಯಾರಾದರೂ ಏನನ್ನಾದರೂ ಹೇಳಿದ್ದು ಅದೇ ಮೊದಲು. ಅದೂ ಸತ್ತ ಬೆಕ್ಕು. ಅದೂ ಅವನ ಬಾಯಿಂದ. ಅವನನ್ನು ನಾನು ಆ ಗಳಿಗೆಯಲ್ಲಿ ದ್ವೇಷಿಸಿದಷ್ಟು ಬೇರೆ ಯಾರನ್ನೂ ಎಂದೂ ದ್ವೇಷಿಸಿಲ್ಲ, ಯಾಕೆಂದರೆ ಅವನು ಹೇಳಿದ್ದು ನಿಜವಾಗಿತ್ತು.

ಬಗ್ಗಿ, ಅಂಗೈಯಲ್ಲಿದ್ದ ತೀರ್ಥವನ್ನು ಹೊಸ್ತಿಲ ಮೂಲೆಗೆ, ರೊಟ್ಟಿಯ ಅಂಚು ಉದುರಿಸುತ್ತಿದ್ದ ಕಲ್ಲಿನ ಮೇಲೆ ಸುರಿದೆ.

"ಗಂಗವ್ವನ್ನ ನೆಲಕ್ಕ ಚೆಲ್ಲಿದ್ಯಾ! ಕುಡೀಲಿಲ್ಲಾ ನೀ?" ಎಂದು ಅತ್ತೆ ಕಿರುಚಿದಳು.

"ನನ್ನ ಬೆಕ್ಕು ಕುಡೀತ್ರಿ" ಎಂದೆ.

ಅವತ್ತೂ ನನಗೆ ರೊಟ್ಟಿ ಸಿಗಲಿಲ್ಲ.